ಸಾಗರದಿಂದ ಬೋಗ್ಮಾಲೊಗೆ: ಯುದ್ಧವಿಮಾನ ನೋಡಲು ಗುಂಪು ಕಟ್ಟಿಕೊಂಡು ಹೊರಟವರಿಗೆ

ಮೊದಲ ಸಲ ನಾನು ಮಕ್ಕಳನ್ನು ಕರೆದುಕೊಂಡು ಬೋಗ್ಮಾಲೊದ ನೌಕಾಪಡೆ ವಿಮಾನ ಮ್ಯೂಸಿಯಂಗೆ ಹೋದದ್ದು ಸೋಮವಾರ. ಗೇಟಿಗೆ ಬೀಗ. ಸಾಗರದಿಂದ ರಾತ್ರಿ ಎರಡು ಗಂಟೆಗೆ ಟೆಂಪೊ ಟ್ರಾವೆಲರ್ ಹತ್ತಿ, ಗೇರುಸೊಪ್ಪೆ ಘಾಟಿಯಲ್ಲಿ ಇಬ್ಬರು ವಾಂತಿ ಮಾಡಿ, ಕುಮಟಾದಲ್ಲಿ ಮುಖ ತೊಳೆಸಿ, ಅಂತೂ ಇಂತೂ ಗೋವಾ ಮುಟ್ಟಿದರೆ ಬೇಲಿ ಸಂದಿಯಲ್ಲಿ ವಿಮಾನದ ಬಾಲ ಮಾತ್ರ ಕಾಣುತ್ತಿತ್ತು. ಸೋಮವಾರ ರಜೆ ಎಂದು ಮೊದಲೇ ವಿಚಾರಿಸದ ತಪ್ಪು ನನ್ನದೇ. ಬೀಚಿನಲ್ಲಿ ಆಟ ಆಡಿಸಿ ವಾಪಸ್ ಕರೆತಂದೆ.

ಎರಡನೇ ಸಲ ಒಳಗೇನೋ ಹೋದೆವು. ಇಪ್ಪತ್ತು ನಿಮಿಷದಲ್ಲಿ ಮುಗಿದುಹೋಯಿತು. ಎಲ್ಲ ವಿಮಾನದ ಮುಂದೆ ಒಂದೊಂದು ಫೋಟೊ, ಆಮೇಲೆ "ಇನ್ನೇನಿದೆ ಮಾವ?" ಮೂರನೇ ಸಲ ಅದೇ ಜಾಗದಲ್ಲಿ ಮೂರು ಗಂಟೆ ಕಳೆದೆವು, ಕೊನೆಗೆ ನಾನೇ ಎಬ್ಬಿಸಿಕೊಂಡು ಬರಬೇಕಾಯಿತು. ಆ ಮೂರನೇ ಸಲ ಏನು ಮಾಡಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಾಲೆಯವರು, ಯುವಕ ಸಂಘದವರು, ರಜೆಗೆ ಬಂದ ಅಕ್ಕನ ಮಕ್ಕಳನ್ನು ಎಲ್ಲಿ ಸುತ್ತಿಸಬೇಕು ಎಂದು ತಲೆ ಕೆರೆದುಕೊಳ್ಳುವವರು, ಯಾರು ಬೇಕಾದರೂ ಹೀಗೇ ಮಾಡಬಹುದು.

ಅಲ್ಲಿಗೇ ಯಾಕೆ

ಇದು ನೌಕಾಪಡೆಯ ವಿಮಾನಗಳ ಮ್ಯೂಸಿಯಂ. ಗೋವಾದ ದಾಬೋಲಿಂ ವಿಮಾನ ನಿಲ್ದಾಣದ ಪಕ್ಕದಲ್ಲಿ, ಬೋಗ್ಮಾಲೊ ಬೀಚಿಗೆ ಇಳಿಯುವ ದಾರಿಯಲ್ಲಿದೆ. 1998ರಲ್ಲಿ ಶುರುವಾಗಿದ್ದು. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂ ಕೂಡ ಚೆನ್ನಾಗಿದೆ, ಶಿವಮೊಗ್ಗದಲ್ಲಿ ಬೆಳಗಿನ ರೈಲು ಹತ್ತಿದರೆ ಆಯಿತು, ಸುಲಭ. ಆದರೆ ಬೋಗ್ಮಾಲೊದಲ್ಲಿ ಹಡಗಿನ ಮೇಲಿಂದ ಎದ್ದು ಯುದ್ಧಕ್ಕೆ ಹೋಗಿ, ಮತ್ತೆ ಅದೇ ಹಡಗಿಗೆ ಬಂದು ಇಳಿಯುತ್ತಿದ್ದ ಜಾತಿಯ ವಿಮಾನಗಳಿವೆ. ಅದರಿಂದ ಮಕ್ಕಳ ಕೈಗೆ ಒಂದೇ ಒಂದು ಪ್ರಶ್ನೆ ಕೊಡಬಹುದು: ಅಷ್ಟು ಚಿಕ್ಕ ಜಾಗದಲ್ಲಿ ಹೇಗೆ? ನಮ್ಮ ಮೂರನೇ ಸಲದ ಗುಟ್ಟು ಅಷ್ಟೇ. ಇಡೀ ದಿನ ಆ ಒಂದು ಪ್ರಶ್ನೆ ಹಿಡಿದುಕೊಂಡು ತಿರುಗಿದೆವು.

ಮನೆಯಲ್ಲೇ ಮಾಡಬೇಕಾದ ಕೆಲಸ

ದಿನ ಗೊತ್ತು ಮಾಡಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ಖಂಡಿತ ಬೇಡ, ಘಾಟಿ ರಸ್ತೆ ಯಾವಾಗ ಕುಸಿಯುತ್ತದೋ ಹೇಳಲಾಗದು, ಮೇಲಾಗಿ ವಿಮಾನಗಳೆಲ್ಲ ಬಯಲಲ್ಲೇ ನಿಂತಿವೆ, ಕೊಡೆ ಹಿಡಿದು ಏನು ನೋಡುತ್ತೀರಿ. ಭಾನುವಾರ ಜನ ಜಾಸ್ತಿ. ನಾವು ಶುಕ್ರವಾರ ಹೊರಟು ಶನಿವಾರ ನೋಡಿದೆವು. ಹೋಗುವ ಮುಂಚೆ ತೆರೆಯುವ ಹೊತ್ತು, ರಜೆ ಎರಡನ್ನೂ ಇನ್ನೊಮ್ಮೆ ವಿಚಾರಿಸಿಕೊಳ್ಳಿ, ನನ್ನ ಸೋಮವಾರ ನೆನಪಿರಲಿ.

ಹತ್ತಕ್ಕಿಂತ ಜಾಸ್ತಿ ಜನ ಇದ್ದರೆ ಒಂದು ತಿಂಗಳ ಮೊದಲೇ ಮ್ಯೂಸಿಯಂ ಉಸ್ತುವಾರಿ ಅಧಿಕಾರಿಗೆ ಒಂದು ಪುಟದ ಪತ್ರ ಬರೆಯಿರಿ. ಎಷ್ಟು ಜನ, ಯಾವ ವಯಸ್ಸು, ಎಷ್ಟು ಗಂಟೆಗೆ ಬರುತ್ತೇವೆ, ವಿವರಿಸಲು ಯಾರಾದರೂ ಸಿಗಬಹುದಾ, ಇಷ್ಟೇ ಸಾಕು. ಸಿಕ್ಕರೆ ಸಿಕ್ಕಿತು. ಸಿಗದಿದ್ದರೆ ನೀವೇ ಗೈಡ್, ಅದಕ್ಕೆ ತಯಾರಾಗಿಯೇ ಹೋಗಿ.

ಸಿಕ್ಕರೂ ಒಂದು ವಿಷಯ ನೋಡಿಕೊಳ್ಳಬೇಕು. ಅವರ ಮಾತು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಅವರು ಮಾತಾಡುತ್ತಿರುವಾಗಲೇ ನೀವು ಹಿಂದೆ ನಿಂತು ಗುಸುಗುಸು ಕನ್ನಡ ಮಾಡಿದರೆ ಎರಡೂ ಕೆಡುತ್ತದೆ. ಪ್ರತಿ ವಿಮಾನದ ಹತ್ತಿರ ಎರಡು ನಿಮಿಷ ನಿಲ್ಲಿಸಿ ಎಂದು ಮೊದಲೇ ಹೇಳಿಕೊಳ್ಳಿ, ಅವರೂ ಉಸಿರು ಬಿಡುತ್ತಾರೆ.

ನಿಮ್ಮೂರಿನಲ್ಲಿ ಸೇನೆಯಿಂದ ನಿವೃತ್ತರಾದವರು ಇದ್ದೇ ಇರುತ್ತಾರೆ, ಒಬ್ಬರನ್ನು ಕರೆಯಿರಿ. 1971ರಲ್ಲಿ ರೇಡಿಯೊ ಮುಂದೆ ಕೂತು ಯುದ್ಧದ ಸುದ್ದಿ ಕೇಳಿದ ಅಜ್ಜನೋ ಅಜ್ಜಿಯೋ ಬಂದರೆ ಇನ್ನೂ ಚಂದ. ನಮ್ಮ ಜೊತೆ ಪಕ್ಕದ ಮನೆಯ ಅಜ್ಜಿ ಬಂದಿದ್ದರು. ಬಾಂಬು, ಎಂಜಿನ್ ಯಾವುದೂ ಅವರಿಗೆ ಬೇಕಿರಲಿಲ್ಲ, "ಇಷ್ಟು ಸಣ್ಣ ಗೂಡಲ್ಲಿ ಆ ಹುಡುಗ ಕಾಲು ಎಲ್ಲಿ ಇಡ್ತಿದ್ದ?" ಎಂದು ಕೇಳಿದರು. ಆಮೇಲೆ ಎಲ್ಲ ಮಕ್ಕಳೂ ಕಾಕ್‌ಪಿಟ್ ಕಡೆಗೇ ನೋಡತೊಡಗಿದರು.

ಇನ್ನು ಮುಖ್ಯವಾದ ಹೋಮ್‌ವರ್ಕ್. ಇಂಥ ವಿಮಾನಗಳನ್ನು ಹೊತ್ತು ಸಾಗುತ್ತಿದ್ದ ನಮ್ಮ ನೌಕಾಪಡೆಯ ಹಳೆಯ ವಿಕ್ರಾಂತ್ ಹಡಗಿನ ಉದ್ದ ಸುಮಾರು 213 ಮೀಟರ್. ಹೊರಡುವ ಹಿಂದಿನ ವಾರ ಮಕ್ಕಳನ್ನು ಊರ ರಸ್ತೆಯಲ್ಲಿ ನಿಲ್ಲಿಸಿ ಹೆಜ್ಜೆ ಎಣಿಸಿ. ಮಕ್ಕಳ ಹೆಜ್ಜೆಯಲ್ಲಿ ಮುನ್ನೂರರ ಹತ್ತಿರ ಬರುತ್ತದೆ. ನಮ್ಮ ಬೀದಿಯಲ್ಲಿ ಅದು ಹಿಟ್ಟಿನ ಗಿರಣಿಯಿಂದ ಸೊಸೈಟಿ ಕಟ್ಟಡದವರೆಗೆ ಆಯಿತು. ಆಮೇಲೆ ಹೇಳಿ: ಶಿವಮೊಗ್ಗದ ಹತ್ತಿರದ ನಮ್ಮ ಸೋಗಾನೆಯ ವಿಮಾನ ನಿಲ್ದಾಣದ ರನ್‌ವೇ 3.2 ಕಿ.ಮೀ., ಅಂದರೆ ಇಂಥ ಹದಿನೈದು ಹಡಗು ಸಾಲಾಗಿ ಇಟ್ಟ ಹಾಗೆ. ವಿಕ್ರಾಂತ್‌ನ ವಿಮಾನಗಳಿಗೆ ಇದ್ದದ್ದು ಗಿರಣಿಯಿಂದ ಸೊಸೈಟಿವರೆಗಿನ ಜಾಗ, ಅದೂ ಅಲುಗಾಡುವ ಜಾಗ. ಇಷ್ಟು ಹೇಳಿ ಸುಮ್ಮನಾಗಿ. ಪ್ರಶ್ನೆ ತಾನೇ ಹುಟ್ಟುತ್ತದೆ.

ದಾರಿ

ಸಾಗರದಿಂದ ತಾಳಗುಪ್ಪ, ಗೇರುಸೊಪ್ಪೆ ಮೇಲೆ ಹೊನ್ನಾವರ, ಅಲ್ಲಿಂದ ಕರಾವಳಿ ಹೆದ್ದಾರಿಯಲ್ಲಿ ಕಾರವಾರ, ಮಡಗಾಂವ್, ಬೋಗ್ಮಾಲೊ. ಒಟ್ಟು ಮುನ್ನೂರು ಕಿ.ಮೀ. ಹತ್ತಿರ. ಶಿವಮೊಗ್ಗದಿಂದ ಹೊರಡುವವರು ಇನ್ನೂ ಎಪ್ಪತ್ತು ಸೇರಿಸಿಕೊಳ್ಳಿ. ಒಂದೇ ದಿನದಲ್ಲಿ ಹೋಗಿ ಬರುವ ಹುಚ್ಚು ಬೇಡ. ಕಾರವಾರದಲ್ಲಿ ರಾತ್ರಿ ಉಳಿಯಿರಿ. ವಾಹನ ಬೇಡ ಎನ್ನುವವರು ಹೊನ್ನಾವರಕ್ಕೆ ಬಸ್ಸಿನಲ್ಲಿ ಇಳಿದು ಕೊಂಕಣ ರೈಲು ಹಿಡಿದು ಮಡಗಾಂವ್‌ಗೆ ಹೋಗಬಹುದು.

ಘಾಟಿಯಲ್ಲಿ ತಲೆ ಸುತ್ತುವವರಿಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಒಂದು ಮಿಡಿ ಬಾಯಲ್ಲಿ ಇಟ್ಟುಕೊಳ್ಳಲು ಕೊಡಿ. ಮಾತ್ರೆಗಿಂತ ಇದು ಮೇಲು ಎಂದು ನನ್ನ ಅನುಭವ. ಜೋಗದ ಹತ್ತಿರ ಯಾರೋ ಒಬ್ಬರು "ಐದೇ ನಿಮಿಷ" ಎನ್ನುತ್ತಾರೆ. ನಿಲ್ಲಿಸಬೇಡಿ. ಐದು ನಿಮಿಷ ಒಂದೂವರೆ ಗಂಟೆ ಆಗುತ್ತದೆ.

ಕಾರವಾರ ಮುಟ್ಟುವ ಸ್ವಲ್ಪ ಮೊದಲು, ಬಿಣಗಾ ಹತ್ತಿರ, ಸಮುದ್ರದ ಕಡೆಗೆ ಅಂಜುದೀವ್ ದ್ವೀಪ ಇದೆ. ನಿಮ್ಮ ಕಥೆ ಅಲ್ಲಿಂದಲೇ ಶುರುವಾಗಲಿ. ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಈ ದ್ವೀಪವೂ ಅವರದ್ದೇ. 1961ರ ನವೆಂಬರಿನಲ್ಲಿ ಇಲ್ಲಿಂದ ನಮ್ಮ ಸಾಬರಮತಿ ಎಂಬ ಹಡಗಿನ ಮೇಲೆ ಗುಂಡು ಹಾರಿಸಿದರು. ಮುಂದಿನ ತಿಂಗಳು ಗೋವಾ ಬಿಡುಗಡೆಯ ಕಾರ್ಯಾಚರಣೆ ನಡೆದಾಗ ದ್ವೀಪ ಹಿಡಿಯಲು ಹೋದ ಹಡಗುಗಳಲ್ಲಿ ಒಂದರ ಹೆಸರು ಐಎನ್‌ಎಸ್ ಮೈಸೂರು. ಅದರ ಲಾಂಛನ ಗಂಡಭೇರುಂಡ. ನಮ್ಮ ಮಕ್ಕಳು ಕೆಳದಿ ದೇವಸ್ಥಾನದ ಮಾಡಿನಲ್ಲಿ ಕತ್ತೆತ್ತಿ ನೋಡುವ ಅದೇ ಎರಡು ತಲೆ ಹಕ್ಕಿ. ಇದನ್ನು ಹೇಳಿದಾಗ ಹಿಂದಿನ ಸೀಟಿನಲ್ಲಿ ಮಲಗಿದ್ದವರೂ ಎದ್ದು ಕೂತರು. ದ್ವೀಪಕ್ಕೆ ಹೋಗಲು ಬಿಡುವುದಿಲ್ಲ, ಈಗ ನೌಕಾನೆಲೆಗೆ ಸೇರಿದೆ. ಕಿಟಕಿಯಿಂದ ಕೈ ತೋರಿಸಿದರೆ ಸಾಕು.

ಸಂಜೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆ ನೋಡಬಹುದು. ಅದು ಬೋನಸ್, ಜಾಸ್ತಿ ಹೊತ್ತು ಬೇಡ.

ಒಳಗೆ ಹೋದ ಮೇಲೆ

ಗೇಟು ದಾಟಿದ ಕೂಡಲೇ ಮಕ್ಕಳನ್ನು ಬಿಟ್ಟುಬಿಡಿ. ಹದಿನೈದು ನಿಮಿಷ ಓಡಲಿ, ಫೋಟೊ ತೆಗೆಯಲಿ, ಕೂಗಲಿ. ಆ ತೀಟೆ ತೀರದೆ ಯಾರೂ ನಿಮ್ಮ ಮಾತು ಕೇಳುವುದಿಲ್ಲ. ಹತ್ತಬೇಡಿ, ನೇತಾಡಬೇಡಿ ಎಂದು ಮಾತ್ರ ಹೇಳಿ. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದ ಬಾಣಲೆ ಆಗಿರುತ್ತದೆ, ಬೆಳಗ್ಗೆಯೇ ಹೊರಗಿನದು ಮುಗಿಸಿ ಬಿಸಿಲೇರಿದ ಮೇಲೆ ಕಟ್ಟಡದೊಳಗೆ ಹೋಗಿ.

ಆಮೇಲೆ ನಾಲ್ಕೇ ನಾಲ್ಕು ವಿಮಾನ. ಎಲ್ಲವನ್ನೂ ವಿವರಿಸಲು ಹೋಗಬೇಡಿ. ನಾನು ಎರಡನೇ ಸಲ ಮಾಡಿದ ತಪ್ಪು ಅದೇ, ಫಲಕ ಓದುತ್ತಾ ಹೋದೆ. ಫಲಕ ಅವರೂ ಓದುತ್ತಾರೆ ಅಲ್ವಾ?

ಮೊದಲನೆಯದು ಸೀ ಹಾಕ್. ಒಬ್ಬನೇ ಕೂರುವ ಜೆಟ್ ವಿಮಾನ. ಎಲ್ಲರನ್ನೂ ಹಿಂದೆ ಕರೆದುಕೊಂಡು ಹೋಗಿ, "ಬೆಂಕಿ ಉಗುಳುವ ತೂತು ಎಲ್ಲಿದೆ ಹುಡುಕಿ" ಎನ್ನಿ. ಬಾಲದ ತುದಿಯಲ್ಲಿ ಹುಡುಕುತ್ತಾರೆ, ಇರುವುದಿಲ್ಲ. ಐದು ನಿಮಿಷ ಬಿಡಿ, ಉತ್ತರ ಹೇಳಬೇಡಿ. ನಮ್ಮ ಗುಂಪಿನಲ್ಲಿ ಆರನೇ ಕ್ಲಾಸಿನ ಹುಡುಗಿ ಬಗ್ಗಿ ಬಗ್ಗಿ ನೋಡಿ ಕೊನೆಗೆ ರೆಕ್ಕೆಯ ಬುಡದಲ್ಲಿ ಕಂಡುಹಿಡಿದಳು. ಒಂದಲ್ಲ, ಎರಡು. ಒಂದೇ ಎಂಜಿನ್ನಿನ ಹೊಗೆಕೊಳವೆ ಒಳಗೆ ಕವಲಾಗಿ, ಎಡಕ್ಕೊಂದು ಬಲಕ್ಕೊಂದು ರೆಕ್ಕೆ ಮೂಲೆಯಿಂದ ಹೊರಬರುತ್ತದೆ, ನಮ್ಮ ತೋಟದ ಕಾಲುವೆ ಕವಲು ಒಡೆದ ಹಾಗೆ.

ಆಮೇಲೆ ಬಾಲದ ಅಡಿಗೆ ಬಗ್ಗಿಸಿ. ಒಂದು ಕೊಕ್ಕೆ ಕಾಣುತ್ತದೆ. ಇದೇ ಇಡೀ ದಿನದ ಮುಖ್ಯ ವಸ್ತು. ಹಡಗಿನ ಅಟ್ಟದ ಮೇಲೆ ಅಡ್ಡಡ್ಡ ಉಕ್ಕಿನ ಹಗ್ಗಗಳನ್ನು ಕಟ್ಟಿರುತ್ತಾರೆ. ಇಳಿಯುವ ವಿಮಾನ ಈ ಕೊಕ್ಕೆಯನ್ನು ಕೆಳಗೆ ಬಿಟ್ಟು ಒಂದು ಹಗ್ಗವನ್ನು ಹಿಡಿಯಬೇಕು. ದೋಟಿಯಲ್ಲಿ ಹಲಸಿನಕಾಯಿ ಎಳೆಯುವವರಿಗೆ ಗೊತ್ತು, ಕೊಕ್ಕೆ ಒಂದು ಬೆರಳು ಆಚೆ ಹೋದರೆ ಸಿಗುವುದಿಲ್ಲ. ಇಲ್ಲಿ ಕೊಕ್ಕೆ ತಪ್ಪಿದರೆ ಪೂರ್ತಿ ವೇಗ ಕೊಟ್ಟು ಮತ್ತೆ ಮೇಲೆ ಏಳಬೇಕು, ಸುತ್ತು ಹಾಕಿ ಬರಬೇಕು. ಅದಕ್ಕೇ ಇಳಿಯುವಾಗಲೂ ಎಂಜಿನ್ ಆರಿಸುವ ಹಾಗಿಲ್ಲ. ಏಳಲು ಹಡಗಿನ ಮೇಲೆ ಹಬೆಯ ಒತ್ತಡದ ಕ್ಯಾಟಪಲ್ಟ್ ಇತ್ತು, ಅಂದರೆ ದೊಡ್ಡ ಕ್ಯಾಟರ್‌ಬಿಲ್ಲು. ವಿಮಾನವೇ ಕಲ್ಲು.

ಕೊನೆಗೆ ರೆಕ್ಕೆ ಮೇಲಿನ ಕೀಲು ತೋರಿಸಿ. ರೆಕ್ಕೆ ಮಡಚುತ್ತದೆ. ಹಡಗಿನಲ್ಲಿ ಜಾಗ ಎಲ್ಲಿದೆ?

ಎರಡನೆಯದು ಆಲಿಝೆ. ಫ್ರೆಂಚ್ ವಿಮಾನ, ಮೂವರು ಕೂರುತ್ತಾರೆ, ಕೆಲಸ ಜಲಾಂತರ್ಗಾಮಿ ಹುಡುಕುವುದು. ಮುಂದೆ ಪಂಕ ಇದ್ದರೂ ಒಳಗಿರುವುದು ಜೆಟ್ ಥರದ ಟರ್ಬೈನ್. ಸೋಗಾನೆಗೆ ಬರುವ ಎಟಿಆರ್ ಪ್ರಯಾಣಿಕ ವಿಮಾನ ಕೂಡ ಇದೇ ಪಂಗಡದ್ದು, ಹಾಗಾಗಿ ಮಕ್ಕಳು ಕೂಡಲೇ ಗುರುತು ಹಿಡಿಯುತ್ತಾರೆ. ಹೊಟ್ಟೆಯೊಳಗೆ ರೇಡಾರ್ ಇದೆ, ಬೇಕಾದಾಗ ಡಬ್ಬದ ಹಾಗೆ ಕೆಳಗಿಳಿಸುತ್ತಿದ್ದರು.

ಇದರ ಮುಂದೆ ನಿಂತು 1971ರ ಕಥೆ ಹೇಳಿ. ವಿಕ್ರಾಂತ್‌ನ ಒಂದು ಬಾಯ್ಲರ್ ಕೆಟ್ಟಿತ್ತು, ಪೂರ್ತಿ ವೇಗದಲ್ಲಿ ಓಡಲು ಆಗುತ್ತಿರಲಿಲ್ಲ. ಗಾಳಿಪಟ ಏರಿಸುವಾಗ ಗಾಳಿಗೆ ಎದುರಾಗಿ ಓಡುತ್ತೇವಲ್ಲ, ಹಡಗೂ ಹಾಗೇ ಗಾಳಿಗೆ ಮುಖ ಮಾಡಿ ಓಡಬೇಕು, ಆಗಲೇ ವಿಮಾನಕ್ಕೆ ಏಳುವ ಬಲ ಸಿಗುವುದು. ಹಡಗು ಕುಂಟುತ್ತಿದ್ದರೆ, ಗಾಳಿಯೂ ಬಿದ್ದುಹೋದರೆ, ಆಲಿಝೆ ಏಳುವುದು ಕಷ್ಟ. ಅಂಥ ಹಡಗನ್ನು ಬಂಗಾಳ ಕೊಲ್ಲಿಗೆ ಕಳಿಸಿದರು. ಡಿಸೆಂಬರ್ 4ರ ಬೆಳಗ್ಗೆ ಎಂಟು ಸೀ ಹಾಕ್‌ಗಳು ಅದರ ಮೇಲಿಂದ ಎದ್ದು ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು, ಸಂಜೆ ಚಿತ್ತಗಾಂಗ್ ಬಂದರಿನ ಮೇಲೆ. ರಾತ್ರಿ ಕೆಲಸಕ್ಕೆ ಆಲಿಝೆ. ವಿಕ್ರಾಂತ್ ಬೇಟೆಗೆಂದು ಬಂದಿದ್ದ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ವಿಶಾಖಪಟ್ಟಣದ ಹತ್ತಿರ ಮುಳುಗಿತು. ಹೇಗೆ ಮುಳುಗಿತು ಎಂಬುದಕ್ಕೆ ಎರಡು ದೇಶದವರು ಎರಡು ಥರ ಹೇಳುತ್ತಾರೆ. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ.

ಇಲ್ಲಿ ಒಂದು ಮಾತು. ಇದನ್ನು ಕ್ರಿಕೆಟ್ ಸ್ಕೋರಿನ ಹಾಗೆ ಹೇಳಬೇಡಿ. ಗೈಡ್ ಆದವರಿಗೆ ಚಪ್ಪಾಳೆ ಗಿಟ್ಟಿಸುವ ಆಸೆ ಬರುತ್ತದೆ, ನನಗೂ ಬಂದಿತ್ತು. ಮಕ್ಕಳು "ಬಂದರಿನಲ್ಲಿ ಕೆಲಸ ಮಾಡೋರು ಏನಾದ್ರು?" ಎಂದು ಕೇಳುತ್ತಾರೆ. ತಳ್ಳಿಹಾಕಬೇಡಿ. ಸತ್ತಿರುತ್ತಾರೆ ಎಂದು ನೇರವಾಗಿ ಹೇಳಿ. ಮಕ್ಕಳಿಗೆ ಅದು ಅರ್ಥವಾಗುತ್ತದೆ.

ಮೂರನೆಯದು ಕಾಮೊವ್ ಹೆಲಿಕಾಪ್ಟರ್, ರಷ್ಯಾದ್ದು. ಇದಕ್ಕೆ ಬಾಲದ ತುದಿಯಲ್ಲಿ ಸಣ್ಣ ಫ್ಯಾನ್ ಇಲ್ಲ. ಯಾಕೆ? ಸುತ್ತುವ ಕುರ್ಚಿ ಮೇಲೆ ಕೂತು ಕೈಯನ್ನು ಬಲಕ್ಕೆ ಬೀಸಿದರೆ ಕುರ್ಚಿ ಎಡಕ್ಕೆ ತಿರುಗುತ್ತದೆ, ನೋಡಿದ್ದೀರಲ್ಲ. ಹೆಲಿಕಾಪ್ಟರ್ ಮೈ ಕೂಡ ಹಾಗೇ ಗಿರ್ರನೆ ತಿರುಗಲು ಹೊರಡುತ್ತದೆ. ಅದನ್ನು ತಡೆಯಲೆಂದೇ ಬೇರೆ ಹೆಲಿಕಾಪ್ಟರ್‌ಗಳಿಗೆ ಬಾಲದ ಫ್ಯಾನ್. ಇದರಲ್ಲಿ ಒಂದರ ಮೇಲೊಂದು ಎರಡು ಪಂಕ, ಒಂದು ಹೀಗೆ, ಒಂದು ಹಾಗೆ. ಎರಡರ ಎಳೆತ ಹೊಡೆದುಹೋಗುತ್ತದೆ. ಉದ್ದ ಬಾಲ ಬೇಡ, ಹಡಗಿನಲ್ಲಿ ಜಾಗ ಉಳಿಯಿತು. ಮತ್ತೆ ಅದೇ ಪ್ರಶ್ನೆಗೆ ಬಂದೆವು.

ನಾಲ್ಕನೆಯದು ಸೀ ಹ್ಯಾರಿಯರ್. 1983ರಲ್ಲಿ ಬಂದು 2016ರವರೆಗೆ ಹಾರಿದ್ದು. ಪಕ್ಕದಿಂದ ನೋಡಿ, ಒಂದೊಂದು ಬದಿಗೆ ಎರಡೆರಡು ಮೂತಿ, ಒಟ್ಟು ನಾಲ್ಕು. ಇವು ತಿರುಗುತ್ತವೆ. ಹಿಂದಕ್ಕೆ ಮುಖ ಮಾಡಿದರೆ ವಿಮಾನ ಮುಂದೆ ಓಡುತ್ತದೆ, ನೆಲಕ್ಕೆ ಮುಖ ಮಾಡಿದರೆ ನಿಂತಲ್ಲೇ ಇಳಿಯುತ್ತದೆ. ಇದಕ್ಕೆ ಕೊಕ್ಕೆ ಬೇಡವೇ ಬೇಡ. ಸೀ ಹಾಕ್ ಕೇಳಿದ ಪ್ರಶ್ನೆಗೆ ಇಪ್ಪತ್ತು ಚಿಲ್ಲರೆ ವರ್ಷ ಬಿಟ್ಟು ಸಿಕ್ಕ ಇನ್ನೊಂದು ಉತ್ತರ ಇದು. ಹಾಗಾಗಿ ಇದನ್ನು ಕೊನೆಗೇ ಇಟ್ಟುಕೊಳ್ಳಿ, ಮೊದಲೇ ತೋರಿಸಿದರೆ ಕೊಕ್ಕೆಯ ಸ್ವಾರಸ್ಯ ಹೋಗುತ್ತದೆ.

ಉಳಿದವು ನಡೆಯುತ್ತಾ ನಡೆಯುತ್ತಾ. ಫೈರ್‌ಫ್ಲೈ ಎರಡನೇ ಮಹಾಯುದ್ಧದ ಕಾಲದ ಬ್ರಿಟಿಷ್ ವಿನ್ಯಾಸ, ನಮ್ಮಲ್ಲಿ ಗುರಿ ಅಭ್ಯಾಸಕ್ಕೆ ಗುರಿಪಟ ಎಳೆಯುವ ಕೆಲಸ ಮಾಡಿತು. ಸೀಲ್ಯಾಂಡ್ ನೀರಿನ ಮೇಲೂ ಇಳಿಯಬಲ್ಲದು, 1953ರಲ್ಲಿ ನೌಕಾಪಡೆಗೆ ಬಂದ ಮೊದಲ ವಿಮಾನ ಅದೇ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಇಳಿಸಬಹುದಿತ್ತು ಎಂದು ನಮ್ಮ ಡ್ರೈವರ್ ಲೆಕ್ಕ ಹಾಕುತ್ತಿದ್ದ.

ಮೂರು ಬಾಲದ ದೊಡ್ಡ ವಿಮಾನವೊಂದಿದೆ, ಸೂಪರ್ ಕಾನ್‌ಸ್ಟಲೇಶನ್. ಇದು ಹಡಗಿನದ್ದಲ್ಲ. ಏರ್ ಇಂಡಿಯಾದಲ್ಲಿ ಜನರನ್ನು ಸಾಗಿಸಿ, ವಾಯುಪಡೆಗೆ ಹೋಗಿ, 1976ರಲ್ಲಿ ನೌಕಾಪಡೆಗೆ ಬಂದು ಸಮುದ್ರ ಕಾಯಿತು. ಇಲ್ಲಿ ಒಂದು ಗೊಂದಲ ಆಗುತ್ತದೆ, ಎಚ್ಚರ. 1961ರ ಡಿಸೆಂಬರ್ 18ರಂದು ನಮ್ಮ ವಾಯುಪಡೆಯ ಕ್ಯಾನ್‌ಬೆರಾ ಬಾಂಬರ್ ವಿಮಾನಗಳು ಇದೇ ದಾಬೋಲಿಂ ರನ್‌ವೇ ಮೇಲೆ ಬಾಂಬು ಹಾಕಿದವು. ಕಟ್ಟಡ ಮುಟ್ಟಬೇಡಿ, ರನ್‌ವೇ ಮಾತ್ರ ಎಂದು ಅಪ್ಪಣೆ ಇತ್ತು. ಅಲ್ಲಿ ನಿಂತಿದ್ದ ಪೋರ್ಚುಗೀಸರ ಎರಡು ನಾಗರಿಕ ವಿಮಾನ ಆಮೇಲೆ ಆ ಹಾಳಾದ ರನ್‌ವೇ ಮೇಲಿಂದಲೇ ಎದ್ದು ತಪ್ಪಿಸಿಕೊಂಡವು. ಅದರಲ್ಲಿ ಒಂದು ಸೂಪರ್ ಕಾನ್‌ಸ್ಟಲೇಶನ್. ಅದೇ ಇದು ಎಂದುಕೊಳ್ಳುವವರಿದ್ದಾರೆ. ಅಲ್ಲ, ಅದು ಬೇರೆ.

ಕಟ್ಟಡದೊಳಗೆ, ಮತ್ತೆ ಹೊರಡುವಾಗ

ಒಳಗೆ ಹಡಗಿನ ಮಾದರಿ, ಹಳೆಯ ಫೋಟೊ, ಬಾಂಬು, ಟಾರ್ಪಿಡೊ ಎಲ್ಲ ಇವೆ. ವಿಕ್ರಾಂತ್ ಮಾದರಿಯ ಹತ್ತಿರ ಮಾತ್ರ ನಿಲ್ಲಿ. 1943ರಲ್ಲಿ, ಮಹಾಯುದ್ಧದ ನಡುವೆ, ಬ್ರಿಟಿಷರು ಹರ್ಕ್ಯುಲಿಸ್ ಎಂಬ ಹೆಸರಿನಲ್ಲಿ ಕಟ್ಟಲು ಶುರು ಮಾಡಿದ ಹಡಗು ಅದು. ಯುದ್ಧ ಮುಗಿದು ಅರ್ಧಕ್ಕೇ ನಿಂತಿತ್ತು, 1957ರಲ್ಲಿ ನಾವು ಕೊಂಡುಕೊಂಡೆವು, 1961ರಲ್ಲಿ ಸೇವೆಗೆ ಸೇರಿತು. ಕೊನೆಗೆ ಗುಜರಿಗೆ ಹೋಯಿತು. ಬಜಾಜ್ ವಿ ಬೈಕಿನಲ್ಲಿ ಅದರ ಲೋಹ ಸೇರಿದೆ. ನಿಮ್ಮೂರಿನಲ್ಲಿ ಆ ಬೈಕ್ ಯಾರ ಹತ್ತಿರ ಇದೆ ಎಂದು ಮಕ್ಕಳಿಗೆ ಗೊತ್ತಿರುತ್ತದೆ, ಕೇಳಿ ನೋಡಿ. ನಮ್ಮಲ್ಲಿ ಹಾಲಿನ ಡೈರಿಯವರ ಬಳಿ ಇತ್ತು.

ಫೋಟೊ ಮ್ಯೂಸಿಯಂ ಒಳಗಿನದಕ್ಕೆ ಮಾತ್ರ. ಪಕ್ಕದಲ್ಲೇ ಹಂಸ ನೌಕಾನೆಲೆ ಇದೆ, ವಿಮಾನ ಏಳುವುದು ಕಾಣುತ್ತದೆ ಎಂದು ಆ ಕಡೆಗೆ ಮೊಬೈಲ್ ಹಿಡಿಯಬೇಡಿ. ಡ್ರೋನ್ ಅಂತೂ ಮನೆಯಲ್ಲೇ ಬಿಟ್ಟು ಬನ್ನಿ. ದೊಡ್ಡವರ ಗುರುತಿನ ಚೀಟಿ ಜೇಬಿನಲ್ಲಿರಲಿ. ಊಟಕ್ಕೆ ನಾವು ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆವು, ಬೀಚಿನ ಹತ್ತಿರ ನೆರಳಲ್ಲಿ ಕೂತು ತಿಂದೆವು. ಮೂರು ಗಂಟೆಗೆ ಹೊರಟರೆ ಕತ್ತಲಾಗುವ ಮೊದಲೇ ಕಾರವಾರ. ರಾತ್ರಿ ಘಾಟಿ ಹತ್ತಬೇಕಾಗಿ ಬರುವ ಹಾಗಿದ್ದರೆ ಅಲ್ಲೇ ಇನ್ನೊಂದು ರಾತ್ರಿ ಉಳಿಯಿರಿ, ಎರಡು ಸಾವಿರ ಜಾಸ್ತಿ ಆದರೂ ಪರವಾಗಿಲ್ಲ.

ಪ್ರವಾಸ ಮುಗಿದ ಎರಡು ವಾರಕ್ಕೆ ಶಿವಮೊಗ್ಗಕ್ಕೆ ಮದುವೆಗೆ ಹೋಗುವಾಗ ಆ ಮಕ್ಕಳಲ್ಲಿ ಮೂವರು ಜೊತೆಗಿದ್ದರು. ಸೋಗಾನೆ ಕಡೆ ಕಾರು ತಿರುಗಿಸಿ ರಸ್ತೆ ಬದಿಯಲ್ಲಿ ನಿಂತೆವು. ಎಟಿಆರ್ ಇಳಿಯಿತು. ಸಣ್ಣವನು ಕತ್ತು ಚಾಚಿ ಅದರ ಬಾಲದ ಅಡಿಯನ್ನೇ ನೋಡುತ್ತಿದ್ದ.

"ಕೊಕ್ಕೆ ಇಲ್ಲ ಮಾವ."

"ಎಷ್ಟು ಉದ್ದ ಇದೆ ಇದು?" ಎಂದು ರನ್‌ವೇ ಕಡೆ ಕೈ ತೋರಿಸಿದೆ.

"ಹದಿನೈದು ಹಡಗು" ಎಂದ.